ಕಂದೀಲಿನವನ ಸರದಿ

ಬೆಲ್ಪರ್
ಸೋಮವಾರ, 27 ಜನವರಿ 2025

ಪ್ರೀತಿಯ ಇಮೋಜೆನ್,

ಲಕೋಟೆಯ ಮೇಲೆ ನನ್ನ ಕೈಬರಹ ಕಂಡ ಕೂಡಲೇ ನಿನ್ನ ಮುಖ ಗಂಟಿಕ್ಕಿರುತ್ತದೆ ಎಂದು ಗೊತ್ತು. ಆದರೂ ಹರಿದು ಒಲೆಗೆ ಹಾಕುವ ಮುಂಚೆ ಕೊನೆತನಕ ಓದು. ಬೈಯುವುದಕ್ಕೆ ಬರೆದದ್ದಲ್ಲ. ಬೈಯುವುದಿದ್ದರೆ ಫೋನ್ ಮಾಡುತ್ತಿದ್ದೆ, ಡಿಸೆಂಬರಿನಲ್ಲಿ ಮಾಡಿದ್ದೆನಲ್ಲ.

ನೆವಿಲ್ ಸತ್ತಿದ್ದಾನೆಂದು ಘೋಷಿಸಬೇಕು ಅಂತ ನೀನು ಕೋರ್ಟಿಗೆ ಹಾಕಿದ ಅರ್ಜಿಯ ನೋಟೀಸು ನನಗೂ ಬಂದಿದೆ. ಅವನ ಒಡಹುಟ್ಟಿದವಳು ನಾನೊಬ್ಬಳೇ ಆದ್ದರಿಂದ ಆಕ್ಷೇಪಣೆ ಇದ್ದರೆ ಹೇಳು ಎಂದು ಕೇಳಿದ್ದಾರೆ. ನಿನ್ನ ಅವಸರ ನನಗೆ ಅರ್ಥವಾಗುವುದಿಲ್ಲ ಎಂದುಕೊಳ್ಳಬೇಡ. ಡೆಸ್ಮಂಡ್ ಒಳ್ಳೆಯವನು, ನಿನ್ನನ್ನು ಮದುವೆಯಾಗುವುದಕ್ಕೆ ವರ್ಷಗಟ್ಟಲೆ ಕಾದಿದ್ದಾನೆ. ನನ್ನ ತಮ್ಮ ನವೆಂಬರಿನ ಮಂಜಿನಲ್ಲಿ ಬ್ಲೀಕ್‌ಲೋ ಬೆಟ್ಟದ ಬಯಲಿಗೆ ನಡೆಯಲು ಹೋದವನು ಎಂಟು ವರ್ಷವಾದರೂ ಬರಲಿಲ್ಲ, ನಿಜ. ದೇಹ ಸಿಗಲಿಲ್ಲ, ಕೊನೆಗೆ ಒಂದು ಟೋಪಿಯೂ ಸಿಗಲಿಲ್ಲ. ಆದರೆ ಸಿಗದವನನ್ನು ಸತ್ತವನು ಎನ್ನಲು ನನ್ನ ನಾಲಿಗೆ ಹೊರಳುವುದಿಲ್ಲ. "ನನ್ನ ಉಸಿರಿರೋತನಕ ನನ್ನ ತಮ್ಮನನ್ನ ಕಾಗದದ ಮೇಲೆ ಸಾಯಿಸೋಕೆ ಬಿಡಲ್ಲ" ಎಂದು ನಿನಗೆ ಹೇಳಿದ್ದೆ. ಆ ಮಾತು ನಿನ್ನೆ ಏನಾಯಿತು ಎಂದು ತಿಳಿಸುವುದಕ್ಕೇ ಈ ಪತ್ರ.

ನಿನ್ನೆ ಭಾನುವಾರ ನಾನು, ಸುಖ್‌ದೇವ್, ಮರ್ವಿನ್ ಮೂವರೂ ಮತ್ತೆ ನಮ್ಮ ಹಳೆಯ ಬೋರ್ಡಿನಾಟ 'ಬೂದಿ ಕಿರೀಟ' ಆಡಿದೆವು.

ನಗಬೇಡ. ಆ ಆಟವನ್ನು ಕಂಡರೆ ನಿನಗೆ ಆಗುತ್ತಿರಲಿಲ್ಲ ಎಂದು ಬಲ್ಲೆ. ನೆವಿಲ್‌ನನ್ನು ಮದುವೆಯಾದ ಹೊಸದರಲ್ಲಿ ನೀನು ನನ್ನ ಹಿಂದಿನ ಕೋಣೆಯ ಬಾಗಿಲಲ್ಲಿ ನಿಂತು, "ಅರವತ್ತು ಮೈಲಿ ದೂರದ ಸಮುದ್ರಕ್ಕೆ ಹೋಗಿ ಬಂದೆ, ನೀವಿನ್ನೂ ಅದೇ ಕಾಡಲ್ಲಿದೀರಾ?" ಎಂದು ಕೇಳಿದ್ದೆ. ಇದ್ದೆವು. ಮಧ್ಯಾಹ್ನದ ಊಟಕ್ಕೆ ಮುಂಚೆ ಹೊಕ್ಕ ಕಾಡಿನಿಂದ ಸಂಜೆಯ ಟೀ ಹೊತ್ತಿಗೂ ಹೊರಗೆ ಬಂದಿರಲಿಲ್ಲ. ನಮ್ಮಿಬ್ಬರದು ಮೊದಲಿನಿಂದಲೂ ಎಣ್ಣೆ ಸೀಗೆಕಾಯಿ ಸಂಬಂಧ. ಅದಕ್ಕೆ ಅರ್ಧ ಕಾರಣ ಆ ಆಟವೇ ಇರಬೇಕು.

ಈ ಸಲದ್ದು ಸುಖ್‌ದೇವ್ ಹಚ್ಚಿದ ಕಿಡಿ. ಡರ್ಬಿಯ ಒಂದು ಅಂಗಡಿಯಲ್ಲಿ ನಮ್ಮ ಆಟದ ಹೊಸ ಪೆಟ್ಟಿಗೆ ನೋಡಿ ಬಂದು ಕುದಿಯುತ್ತಿದ್ದ. ರೈಲ್ವೆ ಕಾರ್ಖಾನೆಯಿಂದ ನಿವೃತ್ತನಾದ ಮೇಲೆ ಅವನಿಗೆ ಕುದಿಯುವುದಕ್ಕೆ ಬೇಕಾದಷ್ಟು ಸಮಯವಿದೆ. "ಸೀಸದ ಗೊಂಬೆ ತೆಗೆದು ಪ್ಲಾಸ್ಟಿಕ್ ಹಾಕಿದಾರೆ ಕಣೇ ಹೆಸ್ಟರ್. ಹೋಗ್ಲಿ ಬಿಡು ಅಂದ್ರೆ, ಮುಚ್ಚಳದ ಮೇಲೆ ಏನು ಬರೆದಿದಾರೆ ಗೊತ್ತಾ? ಒಂದು ಗಂಟೆಯೊಳಗೆ ಮುಗಿಯುತ್ತೆ ಅಂತೆ! ಅದೇನು ಮೊಟ್ಟೆ ಬೇಯಿಸೋದಾ?" ಎಂದು ಫೋನಿನಲ್ಲಿ ಕಿರುಚಿದ. ಮರ್ವಿನ್‌ಗೆ ಸುದ್ದಿ ಹೋಗಿ, ಇಬ್ಬರೂ ಭಾನುವಾರ ಬರುತ್ತೇವೆ, ಅಟ್ಟದಿಂದ ಹಳೆಯ ಪೆಟ್ಟಿಗೆ ಇಳಿಸು ಎಂದರು.

ಈಗ ನಿನಗೆ ಒಂದು ವಿಷಯ ಹೇಳಬೇಕು. ಪೆಟ್ಟಿಗೆ ಅಟ್ಟದ ಮೇಲೆ ಇರಲಿಲ್ಲ. ಎಲ್ಲರಿಗೂ ಹಾಗೆ ಹೇಳಿಕೊಂಡು ಬಂದಿದ್ದೆ ಅಷ್ಟೇ. ನೆವಿಲ್ ಕಾಣೆಯಾಗುವ ಹಿಂದಿನ ಭಾನುವಾರ ಆಟ ಅರ್ಧಕ್ಕೆ ನಿಂತಿತ್ತು. ಯಾವಾಗಲೂ ಮಾಡುವಂತೆ ಮೇಜಿನ ಮೇಲೆ ಹಳೆಯ ಹಾಸಿಗೆ ಬಟ್ಟೆ ಹೊದಿಸಿ ಎದ್ದಿದ್ದೆವು. ಆ ಬಟ್ಟೆಯನ್ನು ನಾನು ತೆಗೆಯಲೇ ಇಲ್ಲ. ನೆಂಟರು ಬಂದರೆ ಆ ಕೋಣೆಗೆ ಬೀಗ. ಇಲ್ಲಿ ಉಳಿದಿದ್ದ ಅವನ ಬಟ್ಟೆಬರೆ ವಿಂಗಡಿಸಲು ನೀನು ಬಂದಾಗಲೂ ಬೀಗ ಹಾಕಿದ್ದೆ, ಒಳಗೆ ಹಳೆ ಸಾಮಾನು ಎಂದಿದ್ದೆ.

ನಿನ್ನೆ ಬೀಗ ತೆಗೆದಾಗ ಇಬ್ಬರೂ ಹೊಸ್ತಿಲಲ್ಲೇ ನಿಂತುಬಿಟ್ಟರು. ಮರ್ವಿನ್ ಕೈಯಲ್ಲಿ ಚೀಸ್-ಈರುಳ್ಳಿ ತುಂಬಿದ ಬ್ರೆಡ್ಡಿನ ತಟ್ಟೆ, ಸುಖ್‌ದೇವ್ ಕೈಯಲ್ಲಿ ಬೇಕ್‌ವೆಲ್ ಪುಡಿಂಗ್ ಪಾತ್ರೆ. "ಇದೇನೇ ಇದು? ಹೆಣಕ್ಕೆ ಹೊದಿಸಿದ ಹಾಗಿದೆ" ಎಂದು ಮರ್ವಿನ್ ಬಾಯಿಬಿಟ್ಟ. ಆಮೇಲೆ ತಾನೇ ನಾಲಿಗೆ ಕಚ್ಚಿಕೊಂಡ. ಅವನ ಬಾಯಿ ಮೊದಲಿನಿಂದಲೂ ಹಾಗೆಯೇ. ನಾನೇ ಬಟ್ಟೆಯ ತುದಿ ಹಿಡಿದು ಎಳೆದೆ.

ಎಲ್ಲ ಇದ್ದಲ್ಲಿಯೇ ಇತ್ತು. ನಾಲ್ಕು ಮಡಿಕೆಯ ಬೋರ್ಡು, ಜೌಗು, ತೂಗುಸೇತುವೆ, ಮಂಜಿನ ಕಾಡು. ನನ್ನ ನಾಟಿವೈದ್ಯೆ ಸೇತುವೆಯ ಮೇಲೆ, ಸುಖ್‌ದೇವನ ಕಮ್ಮಾರ ಜೌಗಿನಲ್ಲಿ ಮೊಣಕಾಲುದ್ದ, ಮರ್ವಿನ್‌ನ ಕಳ್ಳ ಸನ್ಯಾಸಿ ಎಂದಿನಂತೆ ಹೆಂಡದಂಗಡಿಯಲ್ಲಿ. ಮಂಜಿನ ಕಾಡಿನ ಅಂಚಿನಲ್ಲಿ ನೆವಿಲ್‌ನ ಕಂದೀಲಿನವ. ಬೆಂಕಿಕಡ್ಡಿಯ ತುದಿಯಿಂದ ಅವನೇ ಹಳದಿ ಬಣ್ಣ ಹಚ್ಚಿದ ಕಂದೀಲು ಹೊಸದರಂತೆ ಹೊಳೆಯುತ್ತಿತ್ತು. ದಾಳ ಅವನ ಕುರ್ಚಿಯ ಮುಂದೆ ಬಿದ್ದಿತ್ತು. ಆವತ್ತು ಆಟ ನಿಂತದ್ದು ಅವನ ಸರದಿಗೆ.

"ಗೊಂಬೆ ತೆಗೆದಿಡೋಣ್ವಾ?" ಎಂದು ಸುಖ್‌ದೇವ್ ಮೆಲ್ಲಗೆ ಕೇಳಿದ. ನಾನು ಬೇಡ ಎಂದೆ. ನಿಯಮ ಇದೆಯಲ್ಲ, ನಿಯಮದಂತೆ ಆಡೋಣ ಎಂದೆ.

ಆ ನಿಯಮ ನಿನಗೆ ಗೊತ್ತಿರಲಾರದು. ಸುಖ್‌ದೇವ್‌ಗೆ ಭಾನುವಾರವೂ ಪಾಳಿ ಬೀಳುತ್ತಿದ್ದ ಕಾಲದಲ್ಲಿ ನಾವೇ ಮಾಡಿಕೊಂಡದ್ದು. ಯಾರಾದರೂ ಬರದಿದ್ದರೆ ಅವರ ಗೊಂಬೆಯನ್ನು ಬೋರ್ಡಿನಿಂದ ಎತ್ತುವುದಿಲ್ಲ. ಪಕ್ಕದಲ್ಲಿ ಕೂತವರು ಅವರ ದಾಳ ಎಸೆಯುತ್ತಾರೆ. ಮುಂದೆ ಹೋಗುವುದೋ ಹಿಂದೆ ಸರಿಯುವುದೋ ಎಂದು ಆರಿಸಬೇಕಾದಾಗ, ಉಳಿದ ಮೂವರೂ ಬಟ್ಟಲಿನಿಂದ ಮಣಿ ತೆಗೆದು, ಮುಷ್ಟಿಯಲ್ಲಿ ಮುಚ್ಚಿಕೊಂಡು ಟೀ ಡಬ್ಬಿಯೊಳಗೆ ಬಿಡುತ್ತೇವೆ. ಬಿಳಿ ಎಂದರೆ ಮುಂದೆ, ಕರಿ ಎಂದರೆ ಹಿಂದೆ. ನಮಗೆ ಯಾವುದು ಲಾಭ ಎಂದು ನೋಡುವ ಹಾಗಿಲ್ಲ, ಅವನಿದ್ದಿದ್ದರೆ ಏನು ಮಾಡುತ್ತಿದ್ದ ಎಂದಷ್ಟೇ ಯೋಚಿಸಬೇಕು. ಯಾವ ಬಣ್ಣ ಹಾಕಿದೆ ಎಂದು ಯಾರೂ ಹೇಳಬಾರದು. ಇಷ್ಟು ಸಾಲದೆಂದು ನೆವಿಲ್ ಇನ್ನೊಂದು ಸೇರಿಸಿದ್ದ: ಕರಿ ಬಿಳಿ ಸಮಸಮ ಬಂದರೆ ಗೊಂಬೆಯ ಒಡೆಯ ಹೇಳಿದ್ದೇ ಕೊನೆ. "ಮೂರು ಮಣಿ ಸಮಸಮ ಆಗೋದು ಹೇಗೋ ಪೆದ್ದ?" ಎಂದು ಮರ್ವಿನ್ ಆಗ ಬಿದ್ದು ಬಿದ್ದು ನಕ್ಕಿದ್ದ. "ನಿಯಮ ಅಂದ್ಮೇಲೆ ಪೂರ್ತಿ ಇರ್ಬೇಕು" ಎಂದು ನೆವಿಲ್ ಗಂಭೀರವಾಗಿ ಹೇಳಿದ್ದ.

ಸರಿ, ನಾನು ಅವನ ದಾಳ ಎಸೆದೆ. ಆರು. ಕಾಡೊಳಗೆ ಹೋಗುವುದೇ ಎಂದು ಮಣಿ ಹಾಕಿದೆವು, ಮೂರೂ ಬಿಳಿ. ಇದರಲ್ಲಿ ಯೋಚಿಸುವಂಥದ್ದೇನಿರಲಿಲ್ಲ. ಮಂಜು ಕಂಡರೆ ಸುಮ್ಮನೆ ಕೂತು ಸರದಿ ಬಿಡುವ ಜಾಯಮಾನ ಅವನದಲ್ಲ, ನಿನಗೂ ಗೊತ್ತು.

ನಿನ್ನ ತಮಾಷೆಯ ಪ್ರಶ್ನೆಗೆ ಇಷ್ಟು ವರ್ಷದ ಮೇಲೆ ನನಗೆ ಉತ್ತರ ಹೊಳೆದದ್ದು ನಿನ್ನೆ. "ಆ ಆಟದಲ್ಲಿ ಅಂಥದ್ದೇನಿದೆ?" ಎಂದು ಕೇಳುತ್ತಿದ್ದೆಯಲ್ಲ. ಜಾಣತನಕ್ಕೆ ಅಲ್ಲಿ ಹೆಚ್ಚು ಬೆಲೆಯಿಲ್ಲ. ದಾಳ ಹೇಳಿದಷ್ಟು ನಡೆ, ಚೀಟಿ ಎತ್ತು, ಬಂದದ್ದನ್ನು ಅನುಭವಿಸು. ಮಾಟಗಾತಿಯ ಚೀಟಿ ಬಂದರೆ ನಿನ್ನ ನೆರಳು ಕಿತ್ತುಕೊಳ್ಳುತ್ತಾಳೆ, ಅದನ್ನು ಬಿಡಿಸಿಕೊಂಡು ಬರುವಷ್ಟರಲ್ಲಿ ಹೊರಗೆ ಮಳೆ ಬಂದು ನಿಂತಿರುತ್ತದೆ. ಗೊಂಬೆ ಸತ್ತರೂ ಎದ್ದುಹೋಗಬೇಕಿಲ್ಲ, ಇನ್ನೊಂದು ತೆಗೆದುಕೊಂಡು ಮೊದಲಿನಿಂದ ಹೊರಡಬಹುದು. ಬೂದಿ ಕಿರೀಟ ಇರುವುದು ಕೊನೆಯ ಬಾಗಿಲಿನ ಆಚೆ. ಅದನ್ನು ದಾಟಿದವರು ಹಿಂದಕ್ಕೆ ಬರುವಂತಿಲ್ಲ, ಕಿರೀಟ ಸಿಕ್ಕಲಿ ಬಿಡಲಿ ಆಟ ಅಲ್ಲಿಗೆ ಮುಗಿಯಿತು. ಅದಕ್ಕೇ ನಾವು ಯಾರೂ ದಾಟುತ್ತಿರಲಿಲ್ಲ! ಬಾಗಿಲ ಮುಂದೆ ನಿಂತು ಏನಾದರೂ ಕುಂಟುನೆಪ ಹೇಳಿ ತಿರುಗಿಬಿಡುತ್ತಿದ್ದೆವು. ಗೆಲ್ಲುವುದಕ್ಕಿಂತ ಮುಂದಿನ ಭಾನುವಾರ ನಮಗೆ ಹೆಚ್ಚಾಗಿತ್ತು. ಒಂದು ಗಂಟೆಯಲ್ಲಿ ಮುಗಿಯುವ ಪೆಟ್ಟಿಗೆ ಮಾಡಿದವರಿಗೆ ಇದನ್ನು ಯಾರು ಹೇಳಬೇಕು?

ನಿನ್ನೆ ಮಾತ್ರ ಕಂದೀಲಿನವ ಓಡುತ್ತಿದ್ದ. ನೆವಿಲ್‌ನ ದಾಳದ ಕೈ ಎಂಥ ದರಿದ್ರದ್ದು ಎಂದು ನಮಗೆಲ್ಲ ಗೊತ್ತು. ಒಂದು, ಎರಡು, ಮತ್ತೆ ಒಂದು. ನಿನ್ನೆ ನಾನು ಅವನಿಗಾಗಿ ಎಸೆದಾಗಲೆಲ್ಲ ಐದು ಇಲ್ಲವೇ ಆರು. ನನ್ನ ಸರದಿಗೆ ಅದೇ ಕೈಯಿಂದ ಅದೇ ದಾಳ ಎಸೆದರೆ ಎರಡು. ಕಾಡಿನಲ್ಲಿ ಎತ್ತಿದ ಚೀಟಿಗಳಲ್ಲಿ ಒಂದು ತೋಳ ಇಲ್ಲ, ಒಂದು ಹಳ್ಳ ಇಲ್ಲ. ಬರೀ ಖಾಲಿ ದಾರಿ. "ಬದುಕಿದ್ದಾಗ ಒಂದ್ಸಲ ಆದ್ರೂ ಹಿಂಗೆ ಬಿದ್ದಿತ್ತಾ ಅವನಿಗೆ?" ಎಂದ ಮರ್ವಿನ್. ನಾನು ಕಪ್ಪನ್ನು ಕುಕ್ಕಿದ ರಭಸಕ್ಕೆ ಟೀ ಚೆಲ್ಲಿತು. "ಬದುಕಿದ್ದಾಗ ಅಂದ್ರೆ ಏನೋ ಅರ್ಥ? ಆಟ ಆಡೋಕೆ ಬಂದಿದೀಯೋ, ತಿಥಿ ಮಾಡೋಕೋ?" ಎಂದು ಹರಿಹಾಯ್ದೆ. ಅವನು ತಲೆ ತಗ್ಗಿಸಿದ. ಸುಖ್‌ದೇವ್ ಎದ್ದು ಬಟ್ಟೆ ತಂದು ಟೀ ಒರೆಸಿದ.

ಆಮೇಲೆ ಯಾರೂ ಆ ಪದ ಎತ್ತಲಿಲ್ಲ. ಆದರೆ ಬೇರೇನೋ ಶುರುವಾಯಿತು ಇಮೋಜೆನ್, ಅದನ್ನು ಹೇಗೆ ಬರೆಯುವುದೋ ತಿಳಿಯುತ್ತಿಲ್ಲ. ಅವನು ಏನು ಮಾಡುತ್ತಿದ್ದ ಎಂದು ಯೋಚಿಸುತ್ತಾ ಯೋಚಿಸುತ್ತಾ ನಾವು ಅವನ ಹಾಗೆ ಮಾತಾಡತೊಡಗಿದೆವು. ಸುಖ್‌ದೇವ್ ಚೀಟಿ ಎತ್ತುವ ಮುಂಚೆ ಬೆರಳಿಗೆ ಉಫ್ ಎಂದು ಊದಿದ, ಅದು ನೆವಿಲ್ ಮಾಡುತ್ತಿದ್ದದ್ದು. ಮರ್ವಿನ್ ನನ್ನನ್ನು ನೆವಿಲ್ ಕರೆಯುತ್ತಿದ್ದಂತೆಯೇ "ಅಕ್ಕಯ್ಯ" ಎಂದು ಕರೆದ. ಹಾಗೆ ಕರೆದದ್ದು ಅವನಿಗೆ ಗೊತ್ತೇ ಆಗಲಿಲ್ಲ. ಭುಜ ಮುಟ್ಟಿ ಕೇಳಿದರೆ, "ನಾನೆಲ್ಲಿ ಅಂದೆ?" ಎಂದು ನನ್ನನ್ನೇ ದಬಾಯಿಸಿದ. ನಾನು ಅಡುಗೆಮನೆಯಿಂದ ಟೀ ತಂದಾಗ ತಟ್ಟೆಯಲ್ಲಿ ನಾಲ್ಕು ಕಪ್ಪಿದ್ದವು, ನಾಲ್ಕನೆಯದಕ್ಕೆ ಅವನಿಗೆ ಬೇಕಾದಂತೆ ಮೂರು ಚಮಚ ಸಕ್ಕರೆ ಹಾಕಿದ್ದೆ. ಖಾಲಿ ಕುರ್ಚಿಯ ಮುಂದೆ ಇಟ್ಟೆ.

ಹೆದರಿಕೆಯಾಯಿತೇ ಎಂದು ಕೇಳುತ್ತೀ. ಇಲ್ಲ, ಅದೇ ಹೆದರಿಕೆಯ ವಿಷಯ. ಸುಖವಾಗಿತ್ತು. ಎಂಟು ವರ್ಷದಲ್ಲಿ ಅಷ್ಟು ಸುಖವಾಗಿ ಕೂತಿರಲಿಲ್ಲ. ಪ್ರತಿ ಭಾನುವಾರ ಹೀಗೇ ಆಡಿಕೊಂಡು ಇದ್ದುಬಿಡಬಹುದು, ನೀನೂ ಕೋರ್ಟೂ ಆಚೆಗೆ ಕಾಯುತ್ತಾ ಇರಲಿ ಎನಿಸಿತು. ನಾನು ಕೆಲಸ ಮಾಡುತ್ತಿದ್ದ ಶಾಲೆಯ ಅಡುಗೆಮನೆಯಲ್ಲಿ ಮಕ್ಕಳು ಬಂದು ಹೋದಮೇಲೂ ಒಲೆಯ ಹತ್ತಿರ ಬಿಸಿ ಉಳಿದಿರುತ್ತಿತ್ತು, ಆ ಕುರ್ಚಿಯ ಕಡೆಯಿಂದ ಅಂಥದ್ದೇ ಬಿಸಿ ಬರುತ್ತಿತ್ತು.

ನಾಲ್ಕು ಗಂಟೆಯ ಹೊತ್ತಿಗೆ, ಕಿಟಕಿಯಲ್ಲಿ ಬೆಳಕು ಇಳಿಯುವಾಗ, ಕಂದೀಲಿನವ ಕೊನೆಯ ಬಾಗಿಲ ಮುಂದೆ ಬಂದು ನಿಂತ. ನಾವು ಮೂವರೂ ಇನ್ನೂ ಕಾಡಿನ ಈಚೆಯೇ ಇದ್ದೆವು.

ದಾಟುವುದೋ ತಿರುಗುವುದೋ ಎಂದು ಆರಿಸಬೇಕಿತ್ತು. ಯಾರೂ ಬೇಗ ಬಟ್ಟಲಿಗೆ ಕೈ ಹಾಕಲಿಲ್ಲ. "ಹೆಸ್ಟರ್, ಇಲ್ಲಿಗೆ ನಿಲ್ಸೋಣ. ಬಟ್ಟೆ ಹೊದಿಸು, ಇನ್ನೊಂದು ವಾರ ನೋಡ್ಕೊಳ್ಳೋಣ" ಎಂದ ಸುಖ್‌ದೇವ್. ಅವನು ಏನು ಹೇಳುತ್ತಿದ್ದಾನೆಂದು ನನಗೆ ಗೊತ್ತಿತ್ತು. ಇದು ಬರೀ ಗೊಂಬೆಯ ಮಾತಲ್ಲ ಎಂದು ಮೂವರಿಗೂ ಗೊತ್ತಿತ್ತು. ಬಾಗಿಲು ದಾಟಿಸಿದರೆ ಅವನನ್ನು ಕಳಿಸಿಕೊಟ್ಟಂತೆ. ನೋಟೀಸಿನ ವಿಷಯ ನಾನೇ ಬೆಳಿಗ್ಗೆ ಅವರಿಗೆ ಹೇಳಿದ್ದೆ. "ಇನ್ನೊಂದು ಸಲ ಹೊದಿಸಿದ್ರೆ ನಾನು ತೆಗೆಯಲ್ಲ ಕಣೋ. ನನಗೆ ನನ್ನ ಬುದ್ಧಿ ಗೊತ್ತು. ಹಾಕಿ ಮಣಿ" ಎಂದೆ.

ಒಬ್ಬೊಬ್ಬರೂ ಮುಷ್ಟಿಯನ್ನು ಡಬ್ಬಿಯೊಳಗೆ ಇಳಿಸಿ ಮಣಿ ಬಿಟ್ಟೆವು. ನಾನು ಹಾಕಿದ್ದು ಕರಿ, ನಿನ್ನಿಂದ ಮುಚ್ಚಿಡುವುದೇನಿದೆ? ಆಮೇಲೆ ಡಬ್ಬಿಯನ್ನು ಮೇಜಿನ ಮೇಲೆ ಬಗ್ಗಿಸಿದೆ.

ನಾಲ್ಕು ಮಣಿ ಬಿದ್ದವು. ಎರಡು ಬಿಳಿ, ಎರಡು ಕರಿ.

ಮರ್ವಿನ್ ಕುರ್ಚಿಯನ್ನು ಹಿಂದಕ್ಕೆ ತಳ್ಳಿ ಎದ್ದ. "ನಾನು ಹಾಕಿದ್ದು ಒಂದೇ ಕಣಮ್ಮ. ನಮ್ಮಮ್ಮನ ಆಣೆಗೂ ಒಂದೇ" ಎಂದ. ಸುಖ್‌ದೇವ್ ಆಣೆ ಇಡಲಿಲ್ಲ, ಮಣಿಗಳನ್ನೇ ನೋಡುತ್ತಿದ್ದ. ಡಬ್ಬಿಯಲ್ಲಿ ಮೊದಲೇ ಒಂದು ಉಳಿದಿತ್ತೇನೋ ಎಂದು ನಾನೇ ಹೇಳಿದೆ. "ಪ್ರತಿ ಸಲ ಖಾಲಿ ಮಾಡಿ ತೋರಿಸಿದ್ದು ನೀನೇ ಅಲ್ವಾ?" ಎಂದ ಸುಖ್‌ದೇವ್. ಆಮೇಲೆ ಇನ್ನೂ ಮೆಲ್ಲಗೆ, "ಸಮಸಮ ಆಯ್ತಲ್ಲೇ. ಗೊಂಬೆಯ ಒಡೆಯ ಹೇಳ್ಬೇಕು" ಎಂದ.

ನಗು ಬರಬೇಕಿತ್ತು. ಅರವತ್ತು ದಾಟಿದ ಮೂರು ಜನ, ಮೊಮ್ಮಕ್ಕಳನ್ನು ಕಂಡವರು, ಭಾನುವಾರದ ಸಂಜೆ ಖಾಲಿ ಕುರ್ಚಿಯ ಕಡೆಗೆ ತಿರುಗಿ ಕೂತೆವು. ಯಾರೋ ಕೇಳಬೇಕಿತ್ತು, ನಾನೇ ಕೇಳಿದೆ. "ನೆವಿಲ್, ನಿನ್ನ ಸರದಿ ಕಣೋ. ಹೋಗ್ತೀಯೋ, ಬರ್ತೀಯೋ?"

ಕಾದೆವು. ರಸ್ತೆಯಲ್ಲಿ ಒಂದು ಕಾರು ಹೋಯಿತು. ಅಡುಗೆಮನೆಯ ನಲ್ಲಿ ತೊಟ್ಟಿಕ್ಕುತ್ತಿತ್ತು. ಏನೋ ಆಗುತ್ತದೆ, ದೀಪ ಮಿಣುಕುತ್ತದೆ, ಟೀ ಕಪ್ಪು ಅಲುಗುತ್ತದೆ ಎಂದು ಉಸಿರು ಬಿಗಿಹಿಡಿದಿದ್ದೆ. ಏನೂ ಆಗಲಿಲ್ಲ. ಬೆಳಗಿನಿಂದ ಆ ಕುರ್ಚಿಯ ಕಡೆಯಿಂದ ಬರುತ್ತಿದ್ದ ಬಿಸಿ ಮೆಲ್ಲಗೆ ಇಳಿಯಿತು. ಕೋಣೆ ಜನವರಿಯ ಕೋಣೆಯಾಯಿತು, ನನ್ನ ಕಾಲುಗಳು ತಣ್ಣಗಾದವು.

ನನ್ನ ತಮ್ಮ ಹುಟ್ಟಿದಾಗಿನಿಂದ ಕೇಳಿದ್ದಕ್ಕೆ ಉತ್ತರ ಕೊಡದೆ ಇದ್ದವನಲ್ಲ ಇಮೋಜೆನ್. ಜ್ವರದಲ್ಲಿ ಮಲಗಿದ್ದರೂ ಕರೆದರೆ ಒಂದು ಹಾಳು ಹಾಸ್ಯ ಮಾಡಿ ಉತ್ತರ ಕೊಡುತ್ತಿದ್ದ. ಅವನು ಎಲ್ಲಾದರೂ ಇದ್ದಿದ್ದರೆ, ಯಾವ ಊರಲ್ಲಿ ಹೆಸರು ಮರೆತು ಬಿದ್ದಿದ್ದರೂ, ಅಕ್ಕ ಅಷ್ಟು ಹತ್ತಿರದಿಂದ ಕೇಳಿದ್ದಕ್ಕೆ ಓಗೊಡುತ್ತಿದ್ದ. ಎಂಟು ವರ್ಷ ನಾನು ನಿನ್ನನ್ನು ಕೇಳಿದೆ, ಪೊಲೀಸರನ್ನು ಕೇಳಿದೆ, ಬೆಟ್ಟದಲ್ಲಿ ಹುಡುಕಿದವರನ್ನು ಕೇಳಿದೆ. ಅವನನ್ನೇ ಕೇಳಿದ್ದು ನಿನ್ನೆ ಮೊದಲು. ಆ ಮೌನ ಕೇಳಿಸಿಕೊಂಡ ಮೇಲೆ ನನಗೆ ಗೊತ್ತಾಯಿತು. ನನ್ನ ತಮ್ಮ ಸತ್ತಿದ್ದಾನೆ. ಬರೆದುಬಿಟ್ಟೆ ನೋಡು.

ನಾನೇ ಕಂದೀಲಿನವನನ್ನು ಎತ್ತಿ ಬಾಗಿಲಿನಾಚೆ ಇಟ್ಟೆ. ಕಿರೀಟಕ್ಕೆ ದಾಳ ಎಸೆಯಬೇಕೇ ಎಂದು ಮರ್ವಿನ್ ಕಣ್ಣಲ್ಲೇ ಕೇಳಿದ. ಬೇಡ ಎಂದೆ. ಸುಖ್‌ದೇವ್ ಅಳುತ್ತಿದ್ದ, ಅಳುತ್ತಲೇ ಬ್ರೆಡ್ಡು ತಿನ್ನುತ್ತಿದ್ದ, ಹಾಗೆ ಅಳುವವನು ಅವನೊಬ್ಬನೇ. ನಾಲ್ಕನೆಯ ಕಪ್ಪಿನ ಟೀಯನ್ನು ಸಿಂಕಿಗೆ ಚೆಲ್ಲಿ ಬಂದೆ. ಮೇಜು ಖಾಲಿ ಮಾಡಿದೆವು.

ಇವತ್ತು ಬೆಳಿಗ್ಗೆ ಕೋರ್ಟಿಗೆ ಬರೆದು ಅಂಚೆಗೆ ಹಾಕಿದ್ದೇನೆ. ನನ್ನ ಆಕ್ಷೇಪಣೆ ಇಲ್ಲ. ನೀನು ಡೆಸ್ಮಂಡ್‌ನನ್ನು ಮದುವೆಯಾಗು. ನನ್ನನ್ನು ಕರೆದರೆ ಬರುತ್ತೇನೆ, ಕರೆಯದಿದ್ದರೆ ಕೋಪಿಸಿಕೊಳ್ಳುವುದಿಲ್ಲ. ಸ್ವಲ್ಪ ಕೋಪಿಸಿಕೊಳ್ಳುತ್ತೇನೆ. ಫೋನಿನಲ್ಲಿ ಆಡಿದ್ದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡ. ಅವನನ್ನು ನೀನು ನನ್ನಷ್ಟೇ ಹುಡುಕಿದ್ದೆ, ನನಗಿಂತ ಮೊದಲು ದಣಿದೆ ಅಷ್ಟೇ. ದಣಿಯುವುದು ತಪ್ಪಲ್ಲ.

ವಿಟ್ಬಿಯಲ್ಲಿ ಗಾಳಿ ಜೋರಿರಬೇಕು. ಕತ್ತಿಗೆ ಏನಾದರೂ ಸುತ್ತಿಕೊಂಡು ಓಡಾಡು.

ನಿನ್ನ ಅತ್ತಿಗೆ, ಈಗಲೂ ಅತ್ತಿಗೆಯೇ,
ಹೆಸ್ಟರ್

ಮರೆತ ಮಾತು: ಮೇಲೆ ಒಂದು ಸುಳ್ಳು ಬರೆದಿದ್ದೇನೆ, ಹೊಡೆದುಹಾಕಲು ಮನಸ್ಸಾಗದೆ ಇಲ್ಲಿ ಸರಿಪಡಿಸುತ್ತೇನೆ. ನನ್ನ ಮುಷ್ಟಿಯಲ್ಲಿ ಎರಡು ಮಣಿ ಇದ್ದವು. ಒಂದು ಕರಿ, ಅವನು ಇರಲಿ ಎಂದು. ಇನ್ನೊಂದು ಬಿಳಿ, ನಾನೂ ದಣಿದಿದ್ದೆ. ನಾಲ್ಕನೆಯ ಮಣಿ ನನ್ನದೇ ಎಂದು ಅವರಿಗೆ ಹೇಳಲು ಬಾಯಿ ಬರಲಿಲ್ಲ. ಆದರೆ ಈ ಪತ್ರ ಮುಗಿಸಿದ ಮೇಲೆ ಮರ್ವಿನ್ ಫೋನ್ ಮಾಡಿದ್ದ. "ನಿಯಮ ಮುರೀತಿದೀನಿ, ಕ್ಷಮಿಸು. ನಾನು ಹಾಕಿದ್ದು ಕರಿ ಕಣೇ, ಅವನನ್ನ ಕಳಿಸೋಕೆ ನನ್ನ ಕೈಲಾಗ್ಲಿಲ್ಲ" ಎಂದ. ಈಗಷ್ಟೇ ಸುಖ್‌ದೇವ್ ಪುಡಿಂಗ್ ಪಾತ್ರೆ ಒಯ್ಯಲು ಬಂದವನು ಬಾಗಿಲಲ್ಲಿ ನಿಂತು ಅದೇ ಮಾತು ಹೇಳಿ ಹೋದ, ಅವನದೂ ಕರಿ. ಹಾಗಿದ್ದರೆ ಡಬ್ಬಿಯಲ್ಲಿ ಮೂರು ಕರಿ, ನನ್ನದೊಂದು ಬಿಳಿ ಇರಬೇಕಿತ್ತು. ಎರಡು ಬಿಳಿ ಇದ್ದವು, ನನ್ನ ಕಣ್ಣಾರೆ ನೋಡಿದ್ದೇನೆ. ಇಬ್ಬರಲ್ಲಿ ಒಬ್ಬ ನನ್ನ ಸಮಾಧಾನಕ್ಕೆ ಸುಳ್ಳು ಹೇಳಿರಬಹುದು, ನಾನು ಮತ್ತೆ ಕೇಳುವುದಿಲ್ಲ. ಆ ಎರಡನೆಯ ಬಿಳಿ ಮಣಿ ಹಾಕಿದವರು ಯಾರೇ ಇರಲಿ ಇಮೋಜೆನ್, ಅವರು ನಿನ್ನನ್ನೂ ಮುಂದೆ ಹೋಗಲು ಬಿಟ್ಟುಕೊಟ್ಟಿದ್ದಾರೆ.